ಡೆಸ್ಕ್‌ಟಾಪ್ ಪವರ್ ಸಪ್ಲೈ: ತಂಪು ಮತ್ತು ಗಾಳಿಯ ದಿಕ್ಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳುವವರು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎಷ್ಟು ಬಿಸಿಯಾಗುತ್ತವೆ ಎಂಬುದನ್ನು ದಿನವೂ ಗಮನಿಸುತ್ತಾರೆ. ಪವರ್ ಸಪ್ಲೈಯನ್ನು ಮಾತ್ರ ನಾಲ್ಕು ಸ್ಕ್ರೂ ಬಿಗಿದು ಮರೆತುಬಿಡುತ್ತಾರೆ. ಅದರ ತಾಪಮಾನವು ಸಾಮಾನ್ಯವಾಗಿ ಪರದೆಯ ಮೇಲೆ ಕಾಣುವುದಿಲ್ಲವಾದ್ದರಿಂದ ಈ ಮರೆವು ಸಹಜ. ಆದರೆ ಕ್ಯಾಬಿನೆಟ್ಟಿನೊಳಗಿನ ಪ್ರತಿಯೊಂದು ಭಾಗಕ್ಕೂ ವಿದ್ಯುತ್ ಹೋಗುವುದು ಈ ಪೆಟ್ಟಿಗೆಯಿಂದಲೇ, ಮತ್ತು ಅದನ್ನು ಯಾವ ಮುಖವಾಗಿ ಕೂರಿಸಿದ್ದೇವೆ ಎಂಬುದು ಅದರ ಆಯಸ್ಸಿನ ಮೇಲೆ ನಿಜವಾಗಿಯೂ ಪರಿಣಾಮ ಬೀರುತ್ತದೆ.

ಪವರ್ ಸಪ್ಲೈ ಬಿಸಿಯಾಗುವುದೇಕೆ?

ಗೋಡೆಯ ಪ್ಲಗ್ಗಿನಿಂದ ಬರುವ ಎಸಿ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿನ ಡಿಸಿ ವಿದ್ಯುತ್ತಾಗಿ ಬದಲಿಸುವುದು ಪವರ್ ಸಪ್ಲೈಯ ಕೆಲಸ. ಈ ಬದಲಾವಣೆಯಲ್ಲಿ ಒಂದಿಷ್ಟು ಶಕ್ತಿ ನಷ್ಟವಾಗುವುದನ್ನು ಯಾರಿಂದಲೂ ತಪ್ಪಿಸಲಾಗುವುದಿಲ್ಲ, ಮತ್ತು ನಷ್ಟವಾದದ್ದೆಲ್ಲ ಶಾಖವಾಗಿ ಆ ಪೆಟ್ಟಿಗೆಯೊಳಗೇ ಉಳಿಯುತ್ತದೆ. ಕಂಪ್ಯೂಟರಿನ ಭಾಗಗಳು ಒಟ್ಟು 400 ವ್ಯಾಟ್ ಬೇಡುತ್ತಿವೆ ಎಂದಿಟ್ಟುಕೊಳ್ಳೋಣ. ದಕ್ಷತೆ ಶೇ. 80 ಇರುವ ಪವರ್ ಸಪ್ಲೈ ಗೋಡೆಯಿಂದ 500 ವ್ಯಾಟ್ ಎಳೆದು, 100 ವ್ಯಾಟನ್ನು ಶಾಖವಾಗಿ ಕಳೆಯುತ್ತದೆ, ಶೇ. 90 ಇದ್ದರೆ ಎಳೆಯುವುದು ಸುಮಾರು 444 ವ್ಯಾಟ್, ಕಳೆಯುವುದು 44 ವ್ಯಾಟ್ ಮಾತ್ರ. ದಕ್ಷತೆಯಲ್ಲಿ ಹತ್ತು ಅಂಶದ ವ್ಯತ್ಯಾಸವು ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚಿನ ವ್ಯತ್ಯಾಸವಾಗುವುದನ್ನು ಇಲ್ಲಿ ಗಮನಿಸಬೇಕು. ಡಬ್ಬಿಯ ಮೇಲೆ ಕಾಣುವ 80 ಪ್ಲಸ್ ಬ್ರಾಂಜ್, ಗೋಲ್ಡ್, ಟೈಟಾನಿಯಂ ಮುಂತಾದ ದಕ್ಷತೆಯ ದರ್ಜೆಯ ಗುರುತುಗಳನ್ನು ಹೆಚ್ಚಿನವರು ವಿದ್ಯುತ್ ಉಳಿತಾಯದ ದೃಷ್ಟಿಯಿಂದಲೇ ನೋಡುತ್ತಾರೆ. ಹೊರಹಾಕಬೇಕಾದ ಶಾಖ ಎಷ್ಟು, ಅದಕ್ಕಾಗಿ ಫ್ಯಾನ್ ಎಷ್ಟು ದುಡಿಯಬೇಕು ಎಂಬುದನ್ನೂ ಅವು ಹೇಳುತ್ತವೆ.

ಪವರ್ ಸಪ್ಲೈಯೊಳಗೆ ಗಾಳಿ ಯಾವ ದಿಕ್ಕಿನಲ್ಲಿ ಹರಿಯುತ್ತದೆ?

ಇಂದಿನ ಸಾಮಾನ್ಯ ಎಟಿಎಕ್ಸ್ (ಡೆಸ್ಕ್‌ಟಾಪ್ ಭಾಗಗಳ ಅಳತೆ ಮತ್ತು ಜೋಡಣೆಯ ಮಾನದಂಡ) ಪವರ್ ಸಪ್ಲೈಯ ಅಗಲವಾದ ಮುಖದಲ್ಲಿ 120 ರಿಂದ 140 ಮಿಲಿಮೀಟರ್ ಅಳತೆಯ ಒಂದು ಫ್ಯಾನ್ ಇರುತ್ತದೆ. ಆ ಫ್ಯಾನ್ ಗಾಳಿಯನ್ನು ಪೆಟ್ಟಿಗೆಯ ಒಳಕ್ಕೆ ಸೆಳೆಯುತ್ತದೆ. ಗಾಳಿಯು ಹೀಟ್‌ಸಿಂಕ್ (ಬಿಡಿಭಾಗಗಳ ಶಾಖವನ್ನು ಹೀರಿ ಗಾಳಿಗೆ ಬಿಡುವ ಲೋಹದ ತುಂಡು), ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್‌ಗಳ ಮೇಲೆ ಬಿದ್ದು, ತಿರುಗಿ, ಪವರ್ ಕೇಬಲ್ ಸಿಕ್ಕಿಸುವ ಹಿಂಬದಿಯ ಜೇನುಗೂಡಿನಂಥ ಜಾಲರಿಯ ಮೂಲಕ ಕಂಪ್ಯೂಟರಿನ ಹೊರಗೆ ಹೋಗುತ್ತದೆ. ಕ್ಯಾಬಿನೆಟ್ ಯಾವುದೇ ಇರಲಿ, ಪವರ್ ಸಪ್ಲೈ ಮೇಲೆ ಕೂತಿರಲಿ ಕೆಳಗೆ ಕೂತಿರಲಿ, ಈ ದಾರಿ ಬದಲಾಗುವುದಿಲ್ಲ. ಫ್ಯಾನ್ ಮುಖವನ್ನು ಮೇಲಕ್ಕೋ ಕೆಳಕ್ಕೋ ತಿರುಗಿಸಿದಾಗ ನಾವು ನಿರ್ಧರಿಸುತ್ತಿರುವುದು ಒಂದನ್ನೇ: ಅದು ಎಲ್ಲಿನ ಗಾಳಿಯನ್ನು ಸೆಳೆಯಬೇಕು ಎಂಬುದನ್ನು. ಮುಂದಿನ ಹಲವು ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಈ ಮಾತನ್ನು ನೆನಪಿಟ್ಟುಕೊಂಡರೆ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ.

ಫ್ಯಾನ್ ಜಾಲರಿಯ ಹಿಂದೆ, ಫ್ಯಾನಿನ ಒಂದು ಭಾಗವನ್ನು ಮುಚ್ಚುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಾಣುತ್ತಿದೆ. ತೆಗೆಯಲು ಮರೆತ ಪ್ಯಾಕಿಂಗ್ ಅದು ಇರಬಹುದೇ?

ಅಲ್ಲ, ಅದನ್ನು ಉದ್ದೇಶಪೂರ್ವಕವಾಗಿಯೇ ಹಾಕಿರುತ್ತಾರೆ. ಗಾಳಿ ಯಾವಾಗಲೂ ಸುಲಭದ ದಾರಿಯನ್ನು ಹಿಡಿಯುತ್ತದೆ. ಹಿಂಬದಿಯ ಜಾಲರಿಗೆ ಹತ್ತಿರವಿರುವ ಫ್ಯಾನಿನ ಭಾಗದಿಂದ ಬಂದ ಗಾಳಿಯು ಏನನ್ನೂ ತಂಪು ಮಾಡದೆ ನೇರವಾಗಿ ಹೊರಬಿದ್ದುಬಿಡುತ್ತದೆ. ಕೇಬಲ್‌ಗಳ ಕಡೆ ಇರುವ ಬಿಡಿಭಾಗಗಳಿಗೆ ಗಾಳಿ ತಲುಪುವುದೇ ಇಲ್ಲ. ಆ ಹಾಳೆಯು ಜಾಲರಿಯ ಕಡೆಯ ಭಾಗವನ್ನು ಮರೆಮಾಡಿ, ಗಾಳಿಯನ್ನು ಪೆಟ್ಟಿಗೆಯ ಇನ್ನೊಂದು ತುದಿಗೆ ಕಳಿಸಿ, ಅಲ್ಲಿಂದ ಉದ್ದಕ್ಕೂ ಹರಿದುಬರುವಂತೆ ಮಾಡುತ್ತದೆ. ಗಾಳಿಗೆ ಅಡ್ಡಿಯಾಗಿದೆ ಎಂದು ಭಾವಿಸಿ ಅದನ್ನು ಕೀಳುವುದು ದೊಡ್ಡ ತಪ್ಪು.

ಹಳೆಯ ಕಂಪ್ಯೂಟರುಗಳಲ್ಲಿ ಪವರ್ ಸಪ್ಲೈ ಗಾಳಿಯನ್ನು ಒಳಕ್ಕೆ ಊದುತ್ತಿತ್ತು ಎನ್ನುತ್ತಾರೆ. ಇದು ನಿಜವೇ?

ಕೆಲವು ಕಾಲ ನಿಜವಾಗಿತ್ತು. ಇಂಟೆಲ್ 1995ರಲ್ಲಿ ಎಟಿಎಕ್ಸ್ ಮಾನದಂಡವನ್ನು ಹೊರತಂದಾಗ, ಪವರ್ ಸಪ್ಲೈಯ ಫ್ಯಾನ್ ಹೊರಗಿನ ಗಾಳಿಯನ್ನು ಕ್ಯಾಬಿನೆಟ್ಟಿನೊಳಕ್ಕೆ, ನೇರವಾಗಿ ಪ್ರೊಸೆಸರಿನ ಮೇಲೆ ಊದಬೇಕೆಂಬುದು ಅದರ ಆಶಯವಾಗಿತ್ತು. ಒಂದೇ ಫ್ಯಾನಿನಿಂದ ಎರಡು ಕೆಲಸ ಆಗುತ್ತದೆ, ಒಳಗಿನ ಒತ್ತಡ ಹೆಚ್ಚಿದ್ದರೆ ಸಂದುಗಳಿಂದ ಧೂಳು ಬರುವುದಿಲ್ಲ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಆದರೆ ಪವರ್ ಸಪ್ಲೈಯನ್ನು ಹಾದುಬರುವಾಗಲೇ ಬಿಸಿಯಾದ ಗಾಳಿ ಪ್ರೊಸೆಸರನ್ನು ಎಷ್ಟು ತಂಪು ಮಾಡೀತು? ಪ್ರೊಸೆಸರುಗಳ ಶಾಖ ಏರುತ್ತ ಹೋದಂತೆ ಅವು ತಮ್ಮದೇ ಫ್ಯಾನ್ ಪಡೆದವು, ಎಟಿಎಕ್ಸ್ ಮಾನದಂಡವೂ ಬದಲಾಯಿತು, ಪವರ್ ಸಪ್ಲೈ ಬಿಸಿ ಗಾಳಿಯನ್ನು ಹೊರಹಾಕುವ ಪದ್ಧತಿಯೇ ನೆಲೆಗೊಂಡಿತು. ಆ ಬಳಿಕ ಬಹಳ ವರ್ಷಗಳವರೆಗೆ ಹಿಂಬದಿಯಲ್ಲಿ 80 ಮಿಲಿಮೀಟರಿನ ಸಣ್ಣ ಫ್ಯಾನ್ ಇರುವ ಪವರ್ ಸಪ್ಲೈಗಳು ಬರುತ್ತಿದ್ದವು. ಅವುಗಳಲ್ಲಿ ಗಾಳಿಯ ದಾರಿ ನೇರವಾಗಿತ್ತು, ಸದ್ದು ಮಾತ್ರ ಜಾಸ್ತಿಯಿತ್ತು. ಅಗಲವಾದ ಮುಖದಲ್ಲಿ ನಿಧಾನವಾಗಿ ತಿರುಗುವ ದೊಡ್ಡ ಫ್ಯಾನ್ ಬಂದದ್ದು ಮುಖ್ಯವಾಗಿ ಆ ಸದ್ದನ್ನು ತಗ್ಗಿಸುವುದಕ್ಕಾಗಿ.

ಕ್ಯಾಬಿನೆಟ್ಟಿನ ತಳದಲ್ಲಿ ಪವರ್ ಸಪ್ಲೈ ಕೂರಿಸುವಾಗ ಫ್ಯಾನ್ ಮೇಲ್ಮುಖವಾಗಿರಬೇಕೇ, ಕೆಳಮುಖವಾಗಿರಬೇಕೇ?

ಅತಿ ಹೆಚ್ಚು ಬಾರಿ ಕೇಳುವ ಪ್ರಶ್ನೆ ಇದು, ಮತ್ತು ಇದಕ್ಕೆ ಉತ್ತರವು ಕ್ಯಾಬಿನೆಟ್ಟಿನ ತಳವನ್ನು ನೋಡಿದರೆ ಸಿಗುತ್ತದೆ. ಪವರ್ ಸಪ್ಲೈ ಕೂರುವ ಜಾಗದ ಕೆಳಗೆ ತೂತುಗಳಿದ್ದು, ಅಲ್ಲಿ ತೆಗೆದು ತೊಳೆಯಬಹುದಾದ ಧೂಳಿನ ಫಿಲ್ಟರ್ ಇದ್ದು, ಕ್ಯಾಬಿನೆಟ್ಟಿನ ಕಾಲುಗಳು ನೆಲದಿಂದ ಕನಿಷ್ಠ ಎರಡು ಸೆಂಟಿಮೀಟರಿನಷ್ಟು ಎತ್ತರ ಕೊಡುತ್ತಿದ್ದರೆ, ಫ್ಯಾನನ್ನು ಕೆಳಮುಖವಾಗಿ ಕೂರಿಸುವುದೇ ಸರಿ. ಆಗ ಪವರ್ ಸಪ್ಲೈ ಕೋಣೆಯ ತಂಪು ಗಾಳಿಯನ್ನು ತಳದಿಂದ ಸೆಳೆದು ಹಿಂಬದಿಯಿಂದ ಬಿಡುತ್ತದೆ. ಕ್ಯಾಬಿನೆಟ್ಟಿನ ಉಳಿದ ಭಾಗಗಳ ಶಾಖಕ್ಕೂ ಇದಕ್ಕೂ ಸಂಬಂಧವೇ ಇರುವುದಿಲ್ಲ.

ಮೇಲ್ಮುಖವಾಗಿ ಕೂರಿಸಬೇಕಾದ ಸಂದರ್ಭಗಳೂ ಇವೆ. ತಳದಲ್ಲಿ ತೂತುಗಳೇ ಇಲ್ಲದಿದ್ದರೆ ಕೆಳಮುಖವಾದ ಫ್ಯಾನ್ ತಗಡಿಗೆ ಮುಖ ಒತ್ತಿಕೊಂಡು ಉಸಿರುಗಟ್ಟಿದಂತಾಗುತ್ತದೆ. ಕಂಪ್ಯೂಟರನ್ನು ದಪ್ಪ ಕಂಬಳಿ ಅಥವಾ ರತ್ನಗಂಬಳಿಯ ಮೇಲೆ ಇಟ್ಟಾಗಲೂ ಹಾಗೆಯೇ: ಕಾಲುಗಳು ಎಳೆಗಳೊಳಗೆ ಹೂತುಹೋಗಿ ಗಾಳಿಯ ದಾರಿ ಮುಚ್ಚುತ್ತದೆ, ನೂಲಿನ ಎಳೆಗಳು ಫಿಲ್ಟರಿಗೆ ಅಂಟಿಕೊಳ್ಳುತ್ತವೆ. ಅಂಥ ಕಡೆ ಗಟ್ಟಿಯಾದ ಹಲಗೆಯೊಂದನ್ನು ಕೆಳಗೆ ಹಾಕುವುದು ಮೊದಲ ಪರಿಹಾರ. ಅದು ಸಾಧ್ಯವಾಗದಿದ್ದರೆ ಫ್ಯಾನನ್ನು ಮೇಲ್ಮುಖ ಮಾಡಬೇಕು.

ಮೇಲ್ಮುಖ ಮಾಡುವ ಮುನ್ನ ಇನ್ನೊಂದನ್ನು ನೋಡಲೇಬೇಕು. ಈಗಿನ ಬಹಳಷ್ಟು ಕ್ಯಾಬಿನೆಟ್ಟುಗಳಲ್ಲಿ ಪವರ್ ಸಪ್ಲೈಯನ್ನೂ ಕೇಬಲ್‌ಗಳನ್ನೂ ಮರೆಮಾಡುವ ತಗಡಿನ ಹೊದಿಕೆ, ಅಂದರೆ ಶ್ರೌಡ್, ಇರುತ್ತದೆ. ಶ್ರೌಡ್‌ನ ಮೇಲ್ಭಾಗದಲ್ಲಿ, ಫ್ಯಾನಿನ ನೇರಕ್ಕೆ, ಸಾಕಷ್ಟು ತೂತುಗಳಿದ್ದರೆ ಮಾತ್ರ ಮೇಲ್ಮುಖದ ಫ್ಯಾನಿಗೆ ಅರ್ಥವಿದೆ. ತೂತಿಲ್ಲದ ಶ್ರೌಡ್‌ನ ಕೆಳಗೆ ಮೇಲ್ಮುಖವಾಗಿ ಕೂತ ಪವರ್ ಸಪ್ಲೈ ಕತ್ತಲ ಗೂಡಿನಲ್ಲಿ ನಿಂತ ಗಾಳಿಯನ್ನೇ ಸುತ್ತಿಸುತ್ತದೆ. ನಾನು ಕಂಡ ಕೂರಿಸುವಿಕೆಯ ತಪ್ಪುಗಳಲ್ಲಿ ಅತ್ಯಂತ ಹಾನಿಕರವಾದದ್ದು ಇದೇ, ಏಕೆಂದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಫ್ಯಾನ್ ಯಾವಾಗಲೂ ಜೋರಾಗಿ ತಿರುಗುವ ಸದ್ದು ಬಿಟ್ಟರೆ ಬೇರೆ ಸುಳಿವೇ ಸಿಗುವುದಿಲ್ಲ.

ಬಿಸಿ ಗಾಳಿ ಮೇಲಕ್ಕೇರುತ್ತದೆ. ಹಾಗಿದ್ದ ಮೇಲೆ ಕೆಳಮುಖದ ಫ್ಯಾನ್ ಪ್ರಕೃತಿಗೆ ವಿರುದ್ಧವಲ್ಲವೇ?

ಫ್ಯಾನ್ ತಿರುಗುತ್ತಿರುವವರೆಗೆ ಈ ಆಕ್ಷೇಪಕ್ಕೆ ತೂಕವಿಲ್ಲ. ಬಿಸಿ ಗಾಳಿ ತಾನಾಗಿ ಮೇಲೇರುವ ವೇಗವು ಇಷ್ಟು ಸಣ್ಣ ಪೆಟ್ಟಿಗೆಯೊಳಗೆ ತೀರ ಕಡಿಮೆ. ನಿಧಾನವಾಗಿ ತಿರುಗುವ ಫ್ಯಾನ್ ಕೂಡ ಅದನ್ನು ಸುಲಭವಾಗಿ ಮೀರಿಸುತ್ತದೆ. ಒಂದು ಲೆಕ್ಕ ಮಾಡಿ ನೋಡಬಹುದು. ಪವರ್ ಸಪ್ಲೈ 44 ವ್ಯಾಟ್ ಶಾಖ ಬಿಡುತ್ತಿದ್ದು, ಅದರ ಮೂಲಕ ಸೆಕೆಂಡಿಗೆ 10 ಲೀಟರ್ ಗಾಳಿ ಹರಿಯುತ್ತಿದ್ದರೆ, ಹೊರಬರುವ ಗಾಳಿಯು ಒಳಹೋದ ಗಾಳಿಗಿಂತ ಸುಮಾರು 4 ಡಿಗ್ರಿ ಮಾತ್ರ ಹೆಚ್ಚು ಬಿಸಿಯಾಗಿರುತ್ತದೆ. ಹರಿವು ಸೆಕೆಂಡಿಗೆ 1 ಲೀಟರಿಗೆ ಇಳಿದರೆ ಅದೇ ಶಾಖ ಗಾಳಿಯನ್ನು 35 ಡಿಗ್ರಿಗಿಂತ ಹೆಚ್ಚು ಏರಿಸುತ್ತದೆ. ಆದ್ದರಿಂದ ಚಿಂತಿಸಬೇಕಾದದ್ದು ಮುಖ ಮೇಲೆಯೋ ಕೆಳಗೋ ಎಂಬುದಕ್ಕಿಂತ ಹೆಚ್ಚಾಗಿ, ಒಳಬರುವ ದಾರಿ ತೆರೆದಿದೆಯೇ ಮತ್ತು ಒಳಬರುವ ಗಾಳಿ ತಂಪಾಗಿದೆಯೇ ಎಂಬುದರ ಬಗ್ಗೆ.

ಕಡಿಮೆ ಲೋಡಿನಲ್ಲಿ ಫ್ಯಾನ್ ನಿಂತುಬಿಡುವ ಪವರ್ ಸಪ್ಲೈಗಳಿಗೂ ಇದೇ ಮಾತು ಅನ್ವಯಿಸುತ್ತದೆಯೇ?

ಇಲ್ಲಿ ಮಾತು ಸ್ವಲ್ಪ ಬೇರೆ. ಇಂಥ ಪವರ್ ಸಪ್ಲೈಗಳಲ್ಲಿ ಲೋಡ್ ಅಥವಾ ತಾಪಮಾನ ಒಂದು ಮಿತಿ ದಾಟುವವರೆಗೆ ಫ್ಯಾನ್ ತಿರುಗುವುದೇ ಇಲ್ಲವಾದ್ದರಿಂದ, ಆ ಹೊತ್ತಿನಲ್ಲಿ ಶಾಖವು ತಾನಾಗಿ ಮೇಲೇರಿಯೇ ಹೊರಹೋಗಬೇಕಾಗುತ್ತದೆ. ಬಿಡಿಭಾಗಗಳನ್ನು ಕೂರಿಸಿದ ಸರ್ಕ್ಯೂಟ್ ಬೋರ್ಡ್ ಫ್ಯಾನಿನ ಎದುರು ಬದಿಯಲ್ಲಿರುತ್ತದೆ. ಫ್ಯಾನ್ ಮೇಲ್ಮುಖವಾಗಿದ್ದರೆ ಬೋರ್ಡ್ ತಳದಲ್ಲಿರುತ್ತದೆ, ಬಿಡಿಭಾಗಗಳಿಂದ ಎದ್ದ ಶಾಖ ನಿಂತ ಫ್ಯಾನಿನ ಸಂದುಗಳಿಂದ ಮೇಲಕ್ಕೆ ಹೊರಟುಹೋಗುತ್ತದೆ. ಕೆಳಮುಖವಾಗಿದ್ದರೆ ಬಿಡಿಭಾಗಗಳು ಬೋರ್ಡಿನಿಂದ ತಲೆಕೆಳಗಾಗಿ ತೂಗುತ್ತಿರುತ್ತವೆ, ಶಾಖವು ಬೋರ್ಡಿನ ಅಡಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ಹಾಗೆಂದು ಗಾಬರಿಯಾಗುವ ಅಗತ್ಯವಿಲ್ಲ. ಕೆಳಮುಖವಾಗಿ ಕೂರಿಸಿದರೂ ಒಳಗಿನ ತಾಪಮಾನ ಏರಿದ ಕೂಡಲೇ ಫ್ಯಾನ್ ಸುತ್ತತೊಡಗುತ್ತದೆ. ಆಗಾಗ ಸುತ್ತಿ ನಿಲ್ಲುವುದು ಕೇಳಿಸಬಹುದು, ಅಷ್ಟೇ. ಅನೇಕ ಮಾದರಿಗಳಲ್ಲಿ ಹಿಂಬದಿಯ ಗುಂಡಿಯೊಂದರಿಂದ ಈ ನಿಲುಗಡೆ ವ್ಯವಸ್ಥೆಯನ್ನೇ ಬಂದ್ ಮಾಡಬಹುದು. ಬಿಸಿ ಕೋಣೆಯಲ್ಲಿ ದಿನವಿಡೀ ಚಾಲೂ ಇರುವ ಯಂತ್ರಗಳಲ್ಲಿ ನಾನು ಅದನ್ನು ಬಂದ್ ಮಾಡಿಯೇ ಇಡುತ್ತೇನೆ, ಏಕೆಂದರೆ ನಿಧಾನವಾಗಿ ನಿರಂತರ ತಿರುಗುವ ಫ್ಯಾನಿನ ಸದ್ದು ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಫ್ಯಾನೇ ಇಲ್ಲದ ಪೂರ್ಣ ನಿಶ್ಶಬ್ದ ಪವರ್ ಸಪ್ಲೈ ಆದರೆ ಅದರ ಕೈಪಿಡಿ ಹೇಳಿದ ಮುಖವನ್ನು ಬಿಟ್ಟು ಬೇರೆ ರೀತಿಯಲ್ಲಿ ಕೂರಿಸಲೇಬಾರದು.

ಪವರ್ ಸಪ್ಲೈ ಮೇಲ್ಭಾಗದಲ್ಲಿ ಕೂರುವ ಹಳೆಯ ಮಾದರಿಯ ಕ್ಯಾಬಿನೆಟ್ಟಿನಲ್ಲಿ ಏನು ಮಾಡಬೇಕು?

ಕ್ಯಾಬಿನೆಟ್ಟಿನ ನೆತ್ತಿಯಲ್ಲಿ ತೂತುಗಳಿಲ್ಲದಿದ್ದರೆ ಫ್ಯಾನ್ ಕೆಳಮುಖವಾಗಿ, ಅಂದರೆ ಮದರ್‌ಬೋರ್ಡಿನ ಕಡೆಗೆ ಇರಬೇಕು. ಇಲ್ಲಿ ಪವರ್ ಸಪ್ಲೈ ಪ್ರೊಸೆಸರ್ ಬಿಟ್ಟ ಬಿಸಿ ಗಾಳಿಯನ್ನೇ ಸೆಳೆದು ಹೊರಹಾಕುತ್ತದೆ. ಕ್ಯಾಬಿನೆಟ್ಟಿಗೆ ಅದರಿಂದ ಅನುಕೂಲ, ಪವರ್ ಸಪ್ಲೈಗೆ ಮಾತ್ರ ತನ್ನದಲ್ಲದ ಶಾಖದ ಹೊರೆ. ಹಿಂಬದಿಯಲ್ಲಿ ಬೇರೆ ಎಕ್ಸಾಸ್ಟ್ ಫ್ಯಾನ್ ಹಾಕುವ ಜಾಗವಿದ್ದರೆ ತಪ್ಪದೆ ಹಾಕಬೇಕು, ಆಗ ಬಿಸಿಯ ಹೆಚ್ಚಿನ ಪಾಲು ಪವರ್ ಸಪ್ಲೈಯನ್ನು ತಲುಪುವ ಮೊದಲೇ ಹೊರಟುಹೋಗುತ್ತದೆ. ನೆತ್ತಿಯಲ್ಲಿ ತೂತುಗಳಿದ್ದರೆ ಫ್ಯಾನನ್ನು ಮೇಲ್ಮುಖ ಮಾಡಿ ಹೊರಗಿನ ಗಾಳಿಯನ್ನು ಕೊಡಬಹುದು, ಆದರೆ ಆ ತೂತುಗಳ ಮೇಲೆ ಏನನ್ನೂ ಇಡದಂತೆ, ದ್ರವ ಚೆಲ್ಲದಂತೆ ಎಚ್ಚರ ವಹಿಸಬೇಕು.

ಮದರ್‌ಬೋರ್ಡಿಗೂ ಪವರ್ ಸಪ್ಲೈಗೂ ಬೇರೆ ಬೇರೆ ವಿಭಾಗವಿದ್ದು, ಪವರ್ ಸಪ್ಲೈ ನಿಂತ ಭಂಗಿಯಲ್ಲಿರುವ ಕ್ಯಾಬಿನೆಟ್ಟುಗಳಲ್ಲಿ ಏನು ಮಾಡಬೇಕು?

ತೂತುಗಳಿರುವ ಪಕ್ಕದ ಬಾಗಿಲಿನ ಕಡೆಗೆ ಫ್ಯಾನಿನ ಮುಖ ಇರಬೇಕು. ಆ ಬಾಗಿಲು ಗೋಡೆಗೆ ಒತ್ತಿಕೊಳ್ಳದಂತೆ ನೋಡಿಕೊಂಡರೆ ಸಾಕು.

ಮೇಲ್ಮುಖದ ಫ್ಯಾನ್ ಗ್ರಾಫಿಕ್ಸ್ ಕಾರ್ಡಿನ ಗಾಳಿಯನ್ನು ಕಸಿದುಕೊಳ್ಳುತ್ತದೆಯೇ?

ಶ್ರೌಡ್ ಇಲ್ಲದ ಕ್ಯಾಬಿನೆಟ್ಟಿನಲ್ಲಿ, ಗ್ರಾಫಿಕ್ಸ್ ಕಾರ್ಡ್ ಮತ್ತು ಪವರ್ ಸಪ್ಲೈ ನಡುವೆ ಕೆಲವೇ ಸೆಂಟಿಮೀಟರ್ ಅಂತರವಿದ್ದರೆ, ಒಂದು ಫ್ಯಾನ್ ಗಾಳಿಯನ್ನು ಮೇಲಕ್ಕೆ ಸೆಳೆಯುವಾಗ ಇನ್ನೊಂದು ಅದೇ ಜಾಗದ ಗಾಳಿಯನ್ನು ಕೆಳಕ್ಕೆ ಸೆಳೆಯುತ್ತಿರುತ್ತದೆ. ಸಾಮಾನ್ಯ ಬಳಕೆಯಲ್ಲಿ ಈ ಪೈಪೋಟಿ ಅಷ್ಟಾಗಿ ತಿಳಿಯುವುದಿಲ್ಲ. ಆಟವಾಡುವಾಗ ಅಥವಾ ವಿಡಿಯೋ ಸಂಸ್ಕರಿಸುವಾಗ ಗ್ರಾಫಿಕ್ಸ್ ಕಾರ್ಡ್ ಒಂದೇ 300 ವ್ಯಾಟಿನಷ್ಟು ಶಾಖವನ್ನು ಕ್ಯಾಬಿನೆಟ್ಟಿನೊಳಕ್ಕೆ ಬಿಡಬಹುದು, ಆಗ ಪವರ್ ಸಪ್ಲೈಗೆ ಸಿಗುವುದು ಆ ಬಿಸಿ ಗಾಳಿಯೇ. ಲೋಡ್ ಅತಿ ಹೆಚ್ಚಿರುವ ಹೊತ್ತಿನಲ್ಲೇ ಅತಿ ಬಿಸಿ ಗಾಳಿಯೂ ಒಳಹೋಗುವುದು ಈ ಜೋಡಣೆಯ ದೋಷ. ಮುಂಭಾಗದಲ್ಲಿ ಗಾಳಿ ತರುವ ಫ್ಯಾನುಗಳು ಚೆನ್ನಾಗಿದ್ದರೆ ಇದರ ತೀವ್ರತೆ ಬಹಳ ತಗ್ಗುತ್ತದೆ.

ಇದರ ಜೊತೆಗೆ ಮೇಲ್ಮುಖದ ಫ್ಯಾನಿನ ಇನ್ನೊಂದು ಅಪಾಯವನ್ನೂ ಹೇಳಬೇಕು. ಮದರ್‌ಬೋರ್ಡಿನ ಕೆಲಸ ಮಾಡುವಾಗ ಕೈಜಾರಿದ ಸ್ಕ್ರೂ ಫ್ಯಾನ್ ಜಾಲರಿಯ ಸಂದಿನಿಂದ ಒಳಗೆ ಬಿದ್ದರೆ ಶಾರ್ಟ್ ಸರ್ಕ್ಯೂಟ್ ಆಗಬಹುದು. ಸ್ಕ್ರೂಗಳ ಕೆಲಸ ಮುಗಿಯುವವರೆಗೆ ಜಾಲರಿಯ ಮೇಲೆ ಒಂದು ಕಾಗದ ಹಾಸಿಟ್ಟು, ಕಂಪ್ಯೂಟರ್ ಚಾಲೂ ಮಾಡುವ ಮೊದಲು ಅದನ್ನು ಮರೆಯದೆ ತೆಗೆಯಬೇಕು.

ನನ್ನ ಪವರ್ ಸಪ್ಲೈಯ ಗಾಳಿ ಎತ್ತ ಹರಿಯುತ್ತಿದೆ ಎಂದು ತಿಳಿಯುವುದು ಹೇಗೆ?

ತೆಳುವಾದ ಟಿಶ್ಯೂ ಕಾಗದದ ತುಂಡನ್ನು ಹಿಂಬದಿಯ ಜಾಲರಿಯ ಎದುರು ಹಿಡಿಯಿರಿ; ಅದು ಹೊರಕ್ಕೆ ಹಾರಬೇಕು. ಫ್ಯಾನ್ ಮುಖದ ಬಳಿ ಹಿಡಿದರೆ ಜಾಲರಿಗೆ ಅಂಟಿಕೊಳ್ಳಬೇಕು. ಯಾವ ಚಲನೆಯೂ ಇಲ್ಲದಿದ್ದರೆ ಫ್ಯಾನ್ ಕೆಟ್ಟಿದೆ ಎಂದು ತಕ್ಷಣ ತೀರ್ಮಾನಿಸಬಾರದು, ಅದು ಕಡಿಮೆ ಲೋಡಿನಲ್ಲಿ ನಿಲ್ಲುವ ಮಾದರಿಯೂ ಆಗಿರಬಹುದು.

ಫ್ಯಾನನ್ನು ತಿರುಗಿಸಿ ಹಾಕಿ ಗಾಳಿಯ ದಿಕ್ಕನ್ನೇ ಬದಲಿಸಬಹುದೇ?

ಬದಲಿಸಬಾರದು. ಹೀಟ್‌ಸಿಂಕ್‌ಗಳ ಆಕಾರ, ಪಾರದರ್ಶಕ ಹಾಳೆಯ ಜಾಗ, ತಾಪಮಾನ ಅಳೆಯುವ ಸೆನ್ಸರ್ ಇರುವ ಕಡೆ, ಎಲ್ಲವನ್ನೂ ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ ಎಂದೇ ಭಾವಿಸಿ ಮಾಡಿರುತ್ತಾರೆ. ತಿರುಗಿಸಿದರೆ ಬಿಸಿ ಗಾಳಿ ಕ್ಯಾಬಿನೆಟ್ಟಿನೊಳಕ್ಕೇ ಬೀಳುತ್ತದೆ. ಇದಕ್ಕಿಂತ ಮುಖ್ಯವಾದ ಕಾರಣ ಜೀವಭಯದ್ದು: ಈ ಕೆಲಸಕ್ಕೆ ಪೆಟ್ಟಿಗೆಯನ್ನು ಬಿಚ್ಚಬೇಕಾಗುತ್ತದೆ, ಮತ್ತು ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 400 ವೋಲ್ಟಿನವರೆಗೆ ವಿದ್ಯುತ್ ಸಂಗ್ರಹವಾಗಿರುತ್ತದೆ. ಪ್ಲಗ್ ಕಿತ್ತ ಬಳಿಕವೂ ಅದು ಉಳಿದಿರಬಹುದು. ಅದನ್ನು ಸುರಕ್ಷಿತವಾಗಿ ಬರಿದು ಮಾಡಲು ಕಲಿತವರನ್ನು ಬಿಟ್ಟು ಬೇರಾರೂ ಪವರ್ ಸಪ್ಲೈಯನ್ನು ಬಿಚ್ಚಬಾರದು. ಈ ವಿಷಯದಲ್ಲಿ ನಾನು ಯಾವ ವಿನಾಯಿತಿಯನ್ನೂ ಒಪ್ಪುವುದಿಲ್ಲ.

ಹಾಗಾದರೆ ಧೂಳು ತೆಗೆಯುವುದು ಹೇಗೆ?

ಬಿಚ್ಚದೆಯೇ ತೆಗೆಯಬೇಕು. ಕಂಪ್ಯೂಟರನ್ನು ಬಂದ್ ಮಾಡಿ, ಹಿಂಬದಿಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಡಿ. ಬಳಿಕ ಫ್ಯಾನಿನ ರೆಕ್ಕೆ ಸುತ್ತದಂತೆ ಜಾಲರಿಯ ಸಂದಿನಿಂದ ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಯಿಂದ ತಡೆಹಿಡಿದು, ಹಿಂಬದಿಯ ಜಾಲರಿಯ ಕಡೆಯಿಂದ ಸಣ್ಣ ಸಣ್ಣ ಅವಧಿಗೆ ಗಾಳಿ ಊದಿದರೆ ಧೂಳು ಬಂದ ದಾರಿಯಿಂದಲೇ ಹೊರಬರುತ್ತದೆ. ರೆಕ್ಕೆಯನ್ನು ತಡೆಯದೆ ಜೋರಾಗಿ ಊದಿದರೆ ಫ್ಯಾನ್ ತನ್ನ ಮಿತಿ ಮೀರಿದ ವೇಗದಲ್ಲಿ ಸುತ್ತಿ ಬೇರಿಂಗ್ ಹಾಳಾಗಬಹುದು. ತಳದ ಫಿಲ್ಟರನ್ನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿಯೇ ಮತ್ತೆ ಹಾಕಬೇಕು. ಫಿಲ್ಟರ್ ಕಟ್ಟಿಕೊಂಡಿದ್ದರೆ ಕೆಳಮುಖದ ಫ್ಯಾನಿನ ಅನುಕೂಲವೆಲ್ಲ ವ್ಯರ್ಥ. ಆದ್ದರಿಂದ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಅದನ್ನು ಎಳೆದು ನೋಡುವ ಅಭ್ಯಾಸ ಒಳ್ಳೆಯದು.

ಕೆಲವು ಡಿಗ್ರಿ ಬಿಸಿ ಹೆಚ್ಚಾದರೆ ನಿಜವಾಗಿಯೂ ಏನಾಗುತ್ತದೆ?

ಮೊದಲು ಸವೆಯುವುದು ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳು ಮತ್ತು ಫ್ಯಾನಿನ ಬೇರಿಂಗ್. ಕೆಪಾಸಿಟರಿನೊಳಗಿನ ದ್ರವ ಕಾಲಕ್ರಮೇಣ ಆರಿಹೋಗುತ್ತದೆ, ಮತ್ತು ಬಿಸಿ ಹೆಚ್ಚಿದಷ್ಟೂ ಬೇಗ ಆರುತ್ತದೆ. ತಾಪಮಾನ 10 ಡಿಗ್ರಿ ಇಳಿದಾಗಲೆಲ್ಲ ಆಯಸ್ಸು ಸರಿಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸಾಮಾನ್ಯ ಸೂತ್ರ. 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 2,000 ಗಂಟೆ ಬಾಳುವ ಕೆಪಾಸಿಟರ್ 75 ಡಿಗ್ರಿಯಲ್ಲಿ ಸುಮಾರು 16,000 ಗಂಟೆ, 65 ಡಿಗ್ರಿಯಲ್ಲಿ ಸುಮಾರು 32,000 ಗಂಟೆ ಬಾಳಬಹುದು ಎಂದು ಈ ಸೂತ್ರ ಹೇಳುತ್ತದೆ. ದಿನಕ್ಕೆ ಎಂಟು ಗಂಟೆಯ ಬಳಕೆಗೆ ಇದು ಐದೂವರೆ ವರ್ಷ ಮತ್ತು ಹನ್ನೊಂದು ವರ್ಷಗಳ ನಡುವಿನ ವ್ಯತ್ಯಾಸ. ಮುಚ್ಚಿಹೋದ ಒಂದು ಫಿಲ್ಟರ್ ಈ ಹತ್ತು ಡಿಗ್ರಿಯನ್ನು ತಂದುಬಿಡಬಲ್ಲದು ಎಂಬುದನ್ನು ಯೋಚಿಸಿದರೆ, ಗಾಳಿಯ ದಾರಿಯ ಬಗ್ಗೆ ಇಷ್ಟು ಒತ್ತಿ ಹೇಳುವುದು ಅತಿಯಾಗದು.

ಪವರ್ ಸಪ್ಲೈ ಮೇಲೆ ಬರೆದ ವ್ಯಾಟ್ ಕೂಡ ತಾಪಮಾನಕ್ಕೆ ಕಟ್ಟುಬಿದ್ದದ್ದೇ. ಕೆಲವು ಮಾದರಿಗಳು ತಮ್ಮ ಪೂರ್ಣ ಸಾಮರ್ಥ್ಯವನ್ನು 40 ಡಿಗ್ರಿಯವರೆಗೆ ಮಾತ್ರ, ಇನ್ನು ಕೆಲವು 50 ಡಿಗ್ರಿಯವರೆಗೆ ಕೊಡುವುದಾಗಿ ಹೇಳುತ್ತವೆ. ಇಲ್ಲಿ ಹೇಳುವ ತಾಪಮಾನವು ಪವರ್ ಸಪ್ಲೈ ಸುತ್ತಲಿನ ಗಾಳಿಯದು. ಬಿಸಿಯಾದ ಕ್ಯಾಬಿನೆಟ್ಟಿನೊಳಗೆ ಆ ಗಾಳಿ ಕೋಣೆಯ ಗಾಳಿಗಿಂತ ಸುಲಭವಾಗಿ ಹತ್ತು ಡಿಗ್ರಿ ಮೇಲಿರಬಹುದು.

ಲೋಡ್ ಹೆಚ್ಚಾದಾಗ ಕಂಪ್ಯೂಟರ್ ತಟ್ಟನೆ ಆಫ್ ಆಗುತ್ತದೆ. ಪವರ್ ಸಪ್ಲೈ ಬಿಸಿಯೇ ಕಾರಣವಿರಬಹುದೇ?

ಇರಬಹುದು. ಒಳ್ಳೆಯ ಪವರ್ ಸಪ್ಲೈಗಳಲ್ಲಿ ತಾಪಮಾನ ಮಿತಿ ಮೀರಿದಾಗ ತಾನಾಗಿ ಬಂದ್ ಆಗುವ ರಕ್ಷಣೆ ಇರುತ್ತದೆ. ಆಫ್ ಆದ ಕೂಡಲೇ ಮತ್ತೆ ಚಾಲೂ ಆಗದೆ, ಹತ್ತು ಹದಿನೈದು ನಿಮಿಷ ತಣಿದ ಮೇಲೆ ಚಾಲೂ ಆದರೆ ಅನುಮಾನ ಬಲವಾಗುತ್ತದೆ. ಕ್ಷಣಮಾತ್ರದಲ್ಲೇ ಮತ್ತೆ ಚಾಲೂ ಆದರೆ ಓವರ್‌ಲೋಡ್ ಅಥವಾ ಬೇರೆ ದೋಷದ ಕಡೆ ನೋಡಬೇಕು. ಹಿಂಬದಿಯಿಂದ ಬೆಚ್ಚಗಿನ ಗಾಳಿ ಬರುವುದು ಸಹಜ. ಸುಟ್ಟ ವಾಸನೆ ಸಹಜವಲ್ಲ, ಅದು ಬಂದರೆ ಪ್ಲಗ್ ಕಿತ್ತು ಆ ಪವರ್ ಸಪ್ಲೈಯನ್ನು ಮತ್ತೆ ಬಳಸದಿರುವುದೇ ಸರಿ.

ಹೆಚ್ಚು ವ್ಯಾಟಿನ ಪವರ್ ಸಪ್ಲೈ ಹಾಕಿದರೆ ತಂಪಾಗಿರುತ್ತದೆಯೇ?

ಒಂದು ಮಟ್ಟದವರೆಗೆ ಹೌದು. ಬಹುತೇಕ ಪವರ್ ಸಪ್ಲೈಗಳ ದಕ್ಷತೆ ಅರ್ಧ ಲೋಡಿನ ಆಸುಪಾಸಿನಲ್ಲಿ ಅತ್ಯುತ್ತಮವಾಗಿರುತ್ತದೆ, ಫ್ಯಾನ್ ಕೂಡ ಅಲ್ಲಿ ನಿಧಾನವಾಗಿ ತಿರುಗುತ್ತದೆ. 400 ವ್ಯಾಟ್ ಬೇಡುವ ಯಂತ್ರಕ್ಕೆ 450 ವ್ಯಾಟಿನದಕ್ಕಿಂತ 750 ವ್ಯಾಟಿನದು ಹಗುರವಾಗಿ ದುಡಿಯುತ್ತದೆ. ಅಲ್ಲಿಂದ ಮುಂದೆ 1,200 ವ್ಯಾಟಿಗೆ ಹೋದರೆ ತಂಪಿನಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ.

ಕೇಬಲ್‌ಗಳು ಮತ್ತು ಗೋಡೆಯ ಅಂತರ ಎಷ್ಟು ಮುಖ್ಯ?

ಕೆಳಮುಖದ ಫ್ಯಾನಿಗೆ ಕೇಬಲ್‌ಗಳಿಂದ ತೊಂದರೆಯಿಲ್ಲ. ಮೇಲ್ಮುಖದ ಫ್ಯಾನ್ ಇದ್ದರೆ ಮಾತ್ರ, ಉಳಿದ ಕೇಬಲ್‌ಗಳನ್ನು ಸುತ್ತಿ ಜಾಲರಿಯ ಮೇಲೆ ತುರುಕುವ ಅಭ್ಯಾಸವನ್ನು ಬಿಡಬೇಕು. ಹಿಂಬದಿಯಲ್ಲಿ ಗೋಡೆಗೂ ಕ್ಯಾಬಿನೆಟ್ಟಿಗೂ ಸುಮಾರು 10 ಸೆಂಟಿಮೀಟರ್ ಅಂತರವಿರಲಿ. ಮೂರು ಕಡೆ ಮುಚ್ಚಿದ ಮೇಜಿನ ಗೂಡಿನಲ್ಲಿ ಕಂಪ್ಯೂಟರನ್ನು ಇಟ್ಟರೆ ಹಿಂಬದಿಯಿಂದ ಹೊರಬಿದ್ದ ಬಿಸಿ ಗಾಳಿಯು ತಿರುಗಿ ಮುಂದಕ್ಕೂ ತಳಕ್ಕೂ ಬಂದು ಮತ್ತೆ ಒಳಗೆ ಹೋಗುತ್ತದೆ. ಆಗ ಫ್ಯಾನ್ ಮುಖ ಎತ್ತ ಇದ್ದರೂ ಅದಕ್ಕೆ ಸಿಗುವುದು ಅದೇ ಬಿಸಿ ಗಾಳಿ. ಗೂಡಿನ ಹಿಂದಿನ ಹಲಗೆಯನ್ನು ತೆಗೆಯುವುದು ಅಥವಾ ಕಂಪ್ಯೂಟರನ್ನು ಅಲ್ಲಿಂದ ಹೊರಗಿಡುವುದು ಬಿಟ್ಟರೆ ಬೇರೆ ದಾರಿಯಿಲ್ಲ.